ಹಾಸನ, ಚಿಕ್ಕಮಗಳೂರಿನಿಂದ ಚೆವನಿಂಗ್ ಸ್ಕಾಲರ್‌ಶಿಪ್‌ಗೆ ಅರ್ಜಿ: ಮೊದಲು ನಿಮ್ಮ ಕೆಲಸ, ಆಮೇಲೆ ಕಾಲೇಜು

ವಿದೇಶದಲ್ಲಿ ಓದಬೇಕು ಅಂತ ಕನ್ಸಲ್ಟೆನ್ಸಿಗೆ ಹೋದರೆ ಮೊದಲ ಪ್ರಶ್ನೆ ಸಾಮಾನ್ಯವಾಗಿ ದುಡ್ಡಿನದ್ದೇ. ಎಷ್ಟು ಸಾಲ ಸಿಗುತ್ತೆ, ತೋಟದ ಪಹಣಿ ಯಾರ ಹೆಸರಲ್ಲಿದೆ, ಇಂಥವೇ. ಚೆವನಿಂಗ್‌ನವರು ಇದನ್ನೆಲ್ಲ ಕೇಳುವುದಿಲ್ಲ. ನೀವು ಇಲ್ಲಿಯವರೆಗೆ ಏನು ಮಾಡಿದ್ದೀರಿ, ಓದಿ ಬಂದ ಮೇಲೆ ಏನು ಮಾಡುತ್ತೀರಿ ಅಂತ ಕೇಳುತ್ತಾರೆ. ಅದಕ್ಕೇ ನಮ್ಮ ಕಡೆಯವರು ಈ ಸ್ಕಾಲರ್‌ಶಿಪ್ಪನ್ನು ಗಂಭೀರವಾಗಿ ನೋಡಬೇಕು ಅನ್ನೋದು ನನ್ನ ಅಭಿಪ್ರಾಯ. ಸಕಲೇಶಪುರ, ಆಲೂರು, ಮೂಡಿಗೆರೆ, ಕಡೂರಿನಲ್ಲಿ ನಾಲ್ಕೈದು ವರ್ಷ ಕೆಲಸ ಮಾಡಿದವರ ಹತ್ತಿರ ಹೇಳಲು ಬೇಕಾದಷ್ಟು ಇರುತ್ತದೆ. ಅದನ್ನು ಹೇಳಿಕೊಳ್ಳುವ ಅಭ್ಯಾಸ ಮಾತ್ರ ಇರುವುದಿಲ್ಲ.

ಚೆವನಿಂಗ್ ಬ್ರಿಟಿಷ್ ಸರ್ಕಾರದ ಸ್ಕಾಲರ್‌ಶಿಪ್. 1983ರಲ್ಲಿ ಬೇರೆ ಹೆಸರಿನಲ್ಲಿ ಶುರುವಾಯಿತು, 1994ರಲ್ಲಿ ಈಗಿನ ಹೆಸರು ಬಂತು. ಚೆವನಿಂಗ್ ಅಂದರೆ ಕೆಂಟ್ ಪ್ರಾಂತ್ಯದಲ್ಲಿರುವ ಒಂದು ದೊಡ್ಡ ಬಂಗಲೆ. ದುಡ್ಡು ಕೊಡುವುದು ಮುಖ್ಯವಾಗಿ ಬ್ರಿಟನ್ನಿನ ವಿದೇಶಾಂಗ ಇಲಾಖೆ, ಜೊತೆಗೆ ಕೆಲವು ಪಾಲುದಾರ ಸಂಸ್ಥೆಗಳು. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಒಂದು ವರ್ಷದ ಮಾಸ್ಟರ್ಸ್ ಓದಬಹುದು. ಕಾಲೇಜು ಶುಲ್ಕ, ತಿಂಗಳ ಖರ್ಚು, ಹೋಗಿಬರುವ ವಿಮಾನ ಟಿಕೆಟ್, ವೀಸಾ ಖರ್ಚು ಎಲ್ಲ ಅವರದೇ. ಎಂ.ಬಿ.ಎ.ಗೆ ಮಾತ್ರ ಶುಲ್ಕದ ಮೇಲೆ ಮಿತಿ ಇದೆ, ಅದಕ್ಕಿಂತ ಜಾಸ್ತಿಯಾದದ್ದು ನಿಮ್ಮ ಜೇಬಿನಿಂದ. ಗಂಡ, ಹೆಂಡತಿ, ಮಕ್ಕಳನ್ನು ಕರೆದುಕೊಂಡು ಹೋದರೆ ಅವರ ಖರ್ಚು ಕೊಡುವುದಿಲ್ಲ. ಅರ್ಜಿಗೆ ಒಂದು ರೂಪಾಯಿಯೂ ಇಲ್ಲ. ಯಾರಾದರೂ ಚೆವನಿಂಗ್ ಅರ್ಜಿ ಫೀಸು ಅಂತ ಕೇಳಿದರೆ ಅಲ್ಲಿಂದ ಎದ್ದು ಬನ್ನಿ.

ನಿಮಗೆ ಅರ್ಹತೆ ಇದೆಯಾ?

ವಯಸ್ಸಿನ ಮಿತಿ ಇಲ್ಲ. ಮದುವೆಯಾಗಿದೆ, ಮಗು ಇದೆ, 38 ದಾಟಿದೆ, ಇದ್ಯಾವುದೂ ಅಡ್ಡಿಯಲ್ಲ. ಭಾರತದ ಪ್ರಜೆಯಾಗಿರಬೇಕು. ಬ್ರಿಟನ್ನಿನ ಮಾಸ್ಟರ್ಸ್‌ಗೆ ಸೇರುವಷ್ಟು ಒಳ್ಳೆಯ ಪದವಿ ಇರಬೇಕು. ನಮ್ಮ ಲೆಕ್ಕದಲ್ಲಿ ಅದು ಸಾಮಾನ್ಯವಾಗಿ 60% ಆಸುಪಾಸು, ಕೆಲವು ಕಡೆ ಇನ್ನೂ ಜಾಸ್ತಿ. ಒಂದು ಒಳ್ಳೆಯ ಸುದ್ದಿ ಅಂದರೆ 3 ವರ್ಷದ ಬಿ.ಎ., ಬಿ.ಎಸ್ಸಿ., ಬಿ.ಕಾಂ.ಗಳನ್ನು ಬ್ರಿಟನ್ನಿನ ಬಹುತೇಕ ವಿಶ್ವವಿದ್ಯಾಲಯಗಳು ಒಪ್ಪುತ್ತವೆ. ಅಮೆರಿಕಕ್ಕೆ ಹೊರಟವರಿಗೆ 4 ವರ್ಷದ ಪದವಿಯ ತಲೆನೋವು ಇರುತ್ತದಲ್ಲ, ಇಲ್ಲಿ ಆ ರಗಳೆ ಕಡಿಮೆ.

ಮುಖ್ಯವಾದ ಷರತ್ತು ಕೆಲಸದ ಅನುಭವ. ಕನಿಷ್ಠ 2 ವರ್ಷ ಬೇಕು, ಅವರ ಲೆಕ್ಕದಲ್ಲಿ 2,800 ಗಂಟೆ. ವಾರಕ್ಕೆ 35 ಗಂಟೆಯಂತೆ ವರ್ಷಕ್ಕೆ 40 ವಾರ ದುಡಿದರೆ 1,400 ಆಗುತ್ತದೆ. ಎರಡು ವರ್ಷಕ್ಕೆ 2,800. ಪೂರ್ಣಾವಧಿ ಕೆಲಸ ಇಲ್ಲದವರು ಇಲ್ಲೇ ಕೈಬಿಡುತ್ತಾರೆ. ಬಿಡಬೇಡಿ. ಪಾರ್ಟ್ ಟೈಮ್ ಕೆಲಸ, ಸಂಬಳವಿಲ್ಲದ ಸೇವೆ, ಇಂಟರ್ನ್‌ಶಿಪ್ ಎಲ್ಲ ಕೂಡಿಸಬಹುದು. ಅತಿಥಿ ಉಪನ್ಯಾಸಕರಾಗಿ ವಾರಕ್ಕೆ 15 ಗಂಟೆ ಪಾಠ ಮಾಡಿದ್ದೀರಿ ಅಂದುಕೊಳ್ಳಿ. ವರ್ಷಕ್ಕೆ 40 ವಾರವಾದರೆ 600 ಗಂಟೆ. ಜೊತೆಗೆ ರೈತರ ಉತ್ಪಾದಕ ಸಂಸ್ಥೆಯೊಂದರ ಲೆಕ್ಕಪತ್ರವನ್ನು ವಾರಕ್ಕೆ 10 ಗಂಟೆ ನೋಡಿಕೊಂಡಿದ್ದರೆ ಇನ್ನೊಂದು 400. ಹೀಗೆ ಮೂರು ವರ್ಷದೊಳಗೆ ಲೆಕ್ಕ ತುಂಬುತ್ತದೆ. ಪದವಿ ಮುಗಿದ ಮೇಲಿನ ಕೆಲಸದಿಂದಲೇ 2,800 ತುಂಬಿಸಲು ನೋಡಿ. ಓದುವಾಗ ಮಾಡಿದ್ದನ್ನು ನಂಬಿಕೊಂಡು ಕೂರಬೇಡಿ.

ಒಂದು ನೋಟ್‌ಬುಕ್ ತೆಗೆದುಕೊಂಡು ಕೆಲಸ, ಶುರು, ಕೊನೆ, ವಾರದ ಗಂಟೆ, ಮೇಲಧಿಕಾರಿ ಅಂತ ಐದು ಕಾಲಂ ಎಳೆದು ಬರೆಯಿರಿ. ಅರ್ಜಿಯಲ್ಲಿ ಇದನ್ನೇ ತುಂಬಬೇಕು. ತೋಟದಲ್ಲಿ ಅಪ್ಪನಿಗೆ ಸಹಾಯ ಮಾಡಿದ್ದು ಲೆಕ್ಕಕ್ಕೆ ಬರುತ್ತಾ ಅಂತ ಕೆಲವರು ಕೇಳುತ್ತಾರೆ. ಸುಮ್ನೆ ಸಹಾಯ ಮಾಡಿದ್ದನ್ನು ಸೇರಿಸುವುದು ಬೇಡ. ಆದರೆ ಆಳುಗಳ ಬಟವಾಡೆ, ಕಾಫಿ ಮಾರಾಟ, ಬ್ಯಾಂಕು, ಜಿ.ಎಸ್.ಟಿ. ಎಲ್ಲ ನೀವೇ ನಿಭಾಯಿಸಿದ್ದು, ಅದಕ್ಕೆ ಕಾಗದಪತ್ರ ಇದ್ದರೆ ಅದು ಕೆಲಸವೇ.

ಇನ್ನೊಂದು ಷರತ್ತಿಗೆ ಮನಸ್ಸು ಗಟ್ಟಿ ಮಾಡಿಕೊಳ್ಳಬೇಕು. ಓದು ಮುಗಿದ ಮೇಲೆ ಭಾರತಕ್ಕೆ ವಾಪಸ್ ಬಂದು ಕನಿಷ್ಠ 2 ವರ್ಷ ಇರಬೇಕು. ಅಲ್ಲೇ ಕೆಲಸ ಹಿಡಿದು ನಿಲ್ಲುವ ಆಸೆ ಇದ್ದವರಿಗೆ ಇದಲ್ಲ. ಅಂಥವರು ಪ್ರಬಂಧದಲ್ಲಿ ದೇಶಸೇವೆ ಅಂತ ಬರೆದು ಸಂದರ್ಶನದಲ್ಲಿ ಸಿಕ್ಕಿಬೀಳುತ್ತಾರೆ. ಈಗಾಗಲೇ ಬ್ರಿಟಿಷ್ ಸರ್ಕಾರದ ದುಡ್ಡಿನಲ್ಲಿ ಅಲ್ಲಿ ಓದಿದವರಿಗೂ ಅವಕಾಶ ಇಲ್ಲ.

ಕೋರ್ಸ್ ಆರಿಸುವುದು

ಹೆಚ್ಚಿನವರು ಉಲ್ಟಾ ಶುರು ಮಾಡುತ್ತಾರೆ. ಮೊದಲು ಆಕ್ಸ್‌ಫರ್ಡ್, ಆಮೇಲೆ ಅಲ್ಲಿ ಯಾವ ಕೋರ್ಸ್ ಸಿಗುತ್ತೆ, ಕೊನೆಗೆ ಅದಕ್ಕೆ ಹೊಂದುವ ಕಥೆ. ನೀವು ನಿಮ್ಮ ಕೆಲಸದಿಂದ ಶುರು ಮಾಡಿ. ಕೆಲಸ ಮಾಡುವಾಗ ಎಲ್ಲಿ ಕಟ್ಟಿಹಾಕಿದ ಹಾಗೆ ಆಗಿತ್ತು? ಏನು ಗೊತ್ತಿಲ್ಲದೆ ನಿಂತುಹೋದಿರಿ? ಅಲ್ಲಿಂದ ಕೋರ್ಸ್ ಹುಡುಕಿ.

ಆನೆ ಮತ್ತು ಊರಿನ ಜಗಳದ ನಡುವೆ ಕೆಲಸ ಮಾಡಿದವರು ಕೆಂಟ್ ವಿಶ್ವವಿದ್ಯಾಲಯದ ಡೈಸ್ ಸಂಸ್ಥೆಯ ಸಂರಕ್ಷಣೆ ಕೋರ್ಸ್‌ಗಳನ್ನು ನೋಡಬಹುದು. ಕೃಷಿ ಓದಿ ಕಾಫಿ ಬೆಳೆಗಾರರ ಜೊತೆಗೋ ಹಾಸನದ ಆಲೂಗಡ್ಡೆ ರೈತರ ಜೊತೆಗೋ ಇದ್ದವರಿಗೆ ರೆಡಿಂಗ್ ವಿಶ್ವವಿದ್ಯಾಲಯ ಹಳೆಯ ಹೆಸರು. ಪಂಚಾಯಿತಿ, ಸ್ವಸಹಾಯ ಸಂಘ, ಕೂಲಿ ಕಾರ್ಮಿಕರ ವಿಚಾರದಲ್ಲಿ ದುಡಿದವರಿಗೆ ಸಸೆಕ್ಸ್‌ನ ಅಭಿವೃದ್ಧಿ ಅಧ್ಯಯನ ಸಂಸ್ಥೆ ಇದೆ. ಹಾಸನದ ವೈದ್ಯಕೀಯ ಕಾಲೇಜಿನಿಂದ ಬಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೆಲಸ ಮಾಡಿದ ಡಾಕ್ಟರಿಗೆ ಲಂಡನ್ ಸ್ಕೂಲ್ ಆಫ್ ಹೈಜೀನ್ ಅಂಡ್ ಟ್ರಾಪಿಕಲ್ ಮೆಡಿಸಿನ್. ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇವಾಲಯಗಳು 2023ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದವಲ್ಲ. ಪಾರಂಪರಿಕ ತಾಣದ ನಿರ್ವಹಣೆಯನ್ನು ಓದಬೇಕು ಅನ್ನುವವರಿಗೆ ಯಾರ್ಕ್ ವಿಶ್ವವಿದ್ಯಾಲಯದ ಪುರಾತತ್ವ ವಿಭಾಗ ಇದೆ. ಇವು ಹುಡುಕಾಟ ಶುರು ಮಾಡಲು ಅಷ್ಟೇ. ಕೋರ್ಸ್‌ನ ಪುಟಕ್ಕೆ ಹೋಗಿ ಪ್ರತಿ ಪೇಪರಿನ ಹೆಸರು ಓದಿ. ಹೆಸರು ಚೆನ್ನಾಗಿದ್ದು ಒಳಗೆ ನಿಮಗೆ ಬೇಕಾದದ್ದು ಇಲ್ಲದ ಕೋರ್ಸ್‌ಗಳು ಬೇಕಾದಷ್ಟಿವೆ.

ಅರ್ಜಿಯಲ್ಲಿ 3 ಕೋರ್ಸ್ ಹೆಸರಿಸಬೇಕು. ಪೂರ್ಣಾವಧಿಯದ್ದಾಗಿರಬೇಕು, 9ರಿಂದ 12 ತಿಂಗಳಿನದ್ದು, ಸೆಪ್ಟೆಂಬರ್ ಅಥವಾ ಅಕ್ಟೋಬರ್‌ನಲ್ಲಿ ಶುರುವಾಗುವಂಥದ್ದು. ದೂರಶಿಕ್ಷಣ, ಪಾರ್ಟ್ ಟೈಮ್, ಪಿಎಚ್.ಡಿ. ನಡೆಯುವುದಿಲ್ಲ. ಮೂರೂ ಒಂದೇ ದಿಕ್ಕಿನಲ್ಲಿರಲಿ. ಒಂದು ಸಾರ್ವಜನಿಕ ಆರೋಗ್ಯ, ಒಂದು ಪತ್ರಿಕೋದ್ಯಮ, ಒಂದು ಎಂ.ಬಿ.ಎ. ಹಾಕಿದರೆ ಓದುವವರಿಗೆ ನಿಮಗೇ ಏನು ಬೇಕು ಅಂತ ಗೊತ್ತಿಲ್ಲ ಅನ್ನಿಸುತ್ತದೆ. ಮೂರರಲ್ಲಿ ಒಂದಾದರೂ ನಿಮ್ಮ ಅಂಕಕ್ಕೆ ಸೀಟು ಖಂಡಿತ ಸಿಗುವಂಥದ್ದಿರಲಿ.

ಚೆವನಿಂಗ್‌ಗೆ ಅರ್ಜಿ ಹಾಕಿದ ಮಾತ್ರಕ್ಕೆ ವಿಶ್ವವಿದ್ಯಾಲಯಕ್ಕೆ ಹಾಕಿದ ಹಾಗಲ್ಲ. ಅದು ಬೇರೆ ಕೆಲಸ, ನೀವೇ ಮಾಡಬೇಕು. ಆಕ್ಸ್‌ಫರ್ಡ್‌ನ ಬಹಳಷ್ಟು ಕೋರ್ಸ್‌ಗಳು ಡಿಸೆಂಬರ್, ಜನವರಿಯಲ್ಲೇ ಬಾಗಿಲು ಹಾಕುತ್ತವೆ. ಬೇರೆಯವು ಬೇಸಿಗೆಯವರೆಗೂ ತೆಗೆದುಕೊಳ್ಳುತ್ತವೆ. ಕೆಲವು ಕಡೆ ಅರ್ಜಿ ಶುಲ್ಕ ಇದೆ, ಕೆಲವು ಕಡೆ ಇಲ್ಲ. ಏಜೆಂಟರ ಮೂಲಕ ಹೋಗುವವರಿಗೆ ಒಂದು ಮಾತು: ಅವರಿಗೆ ಕಮಿಷನ್ ಬರುವುದು ವಿಶ್ವವಿದ್ಯಾಲಯದಿಂದ. ಕಮಿಷನ್ ಕೊಡುವ ಕಡೆಗೇ ನಿಮ್ಮನ್ನು ಎಳೆಯುವುದು ಸಹಜ. ಅವರು ಹೇಳಿದ ಕೋರ್ಸ್ ನಿಮ್ಮ ಪಟ್ಟಿಯಲ್ಲಿ ಇತ್ತಾ ಅಂತ ನೋಡಿಕೊಳ್ಳಿ.

ಕಾಗದಪತ್ರ: ಇದನ್ನು ಮಳೆಗಾಲಕ್ಕೆ ಮುಂಚೆ ಮುಗಿಸಿ

ಪಾಸ್‌ಪೋರ್ಟ್ ಇಲ್ಲದಿದ್ದರೆ ಇವತ್ತೇ ಅರ್ಜಿ ಹಾಕಿ. ಈಗ ಹಾಸನದ ಅಂಚೆ ಕಚೇರಿಯಲ್ಲೇ ಪಾಸ್‌ಪೋರ್ಟ್ ಸೇವಾ ಕೇಂದ್ರ ಇರುವುದರಿಂದ ಬೆಂಗಳೂರಿಗೆ ಓಡುವ ಕೆಲಸ ಇಲ್ಲ.

ಇಲ್ಲಿ ನಮ್ಮವರಿಗೇ ಸೀಮಿತವಾದ ಒಂದು ಗಂಟು ಇದೆ: ಇನಿಷಿಯಲ್. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಹಿಂದೆ ಹೆಚ್.ಎನ್. ಅಂತ ಇರುತ್ತದೆ. ಹೆಚ್ ಅಂದರೆ ಊರು, ಎನ್ ಅಂದರೆ ಅಪ್ಪನ ಹೆಸರು. ಪದವಿ ಪ್ರಮಾಣಪತ್ರದಲ್ಲಿ ಅದು ಹೆಸರಿನ ಮುಂದಕ್ಕೆ ಬಂದಿರುತ್ತದೆ. ಆಧಾರ್‌ನಲ್ಲಿ ಇನಿಷಿಯಲ್ಲೇ ಇರುವುದಿಲ್ಲ. ಪಾಸ್‌ಪೋರ್ಟ್‌ನಲ್ಲಿ ಬಿಡಿಸಿ ಬರೆದಾಗ ಊರಿನ ಹೆಸರೇ ನಿಮ್ಮ ಸರ್‌ನೇಮ್ ಆಗಿಬಿಡುತ್ತದೆ. ಬ್ರಿಟನ್ನಿನ ಅಡ್ಮಿಷನ್ ಆಫೀಸಿನಲ್ಲಿ ಕೂತವರಿಗೆ ಇದು ನಾಲ್ಕು ಬೇರೆ ಬೇರೆ ಜನರ ಹಾಗೆ ಕಾಣುತ್ತದೆ. ಎಲ್ಲ ಅರ್ಜಿಯಲ್ಲೂ ಪಾಸ್‌ಪೋರ್ಟ್‌ನಲ್ಲಿ ಇದ್ದ ಹಾಗೇ ಹೆಸರು ಬರೆಯಿರಿ. ಈ ಎಲ್ಲ ಹೆಸರೂ ಒಬ್ಬರದೇ ಅಂತ ನೋಟರಿಯಿಂದ ಒಂದು ಅಫಿಡವಿಟ್ ಇಂಗ್ಲಿಷ್‌ನಲ್ಲಿ ಮಾಡಿಸಿ, ಸ್ಕ್ಯಾನ್ ಮಾಡಿ ಇಟ್ಟುಕೊಳ್ಳಿ.

ಅದಾದ ಮೇಲೆ ಟ್ರಾನ್ಸ್‌ಕ್ರಿಪ್ಟ್. ಎಲ್ಲ ಸೆಮಿಸ್ಟರ್‌ಗಳ ಅಂಕವನ್ನು ಒಟ್ಟಿಗೆ ತೋರಿಸಿ ವಿಶ್ವವಿದ್ಯಾಲಯ ಕೊಡುವ ದಾಖಲೆ ಇದು. ಮಲ್ನಾಡ್ ಎಂಜಿನಿಯರಿಂಗ್ ಕಾಲೇಜು, ಚಿಕ್ಕಮಗಳೂರಿನ ಆದಿಚುಂಚನಗಿರಿ ತಾಂತ್ರಿಕ ಕಾಲೇಜಿನಲ್ಲಿ ಓದಿದವರದ್ದು ಬೆಳಗಾವಿಯ ವಿ.ಟಿ.ಯು. ಚಿಕ್ಕಮಗಳೂರು ಜಿಲ್ಲೆಯ ಪದವಿ ಕಾಲೇಜಿನವರದ್ದು ಕುವೆಂಪು ವಿಶ್ವವಿದ್ಯಾಲಯ. ತರೀಕೆರೆ ದಾಟಿ ಶಂಕರಘಟ್ಟಕ್ಕೆ ಹೋಗಿ ಬರಬೇಕಾಗಬಹುದು. ಹಾಸನದ ಪದವಿ ಕಾಲೇಜುಗಳಲ್ಲಿ ಕೆಲವು ವರ್ಷದ ಹಿಂದೆ ಓದಿದವರದ್ದು ಮೈಸೂರು ವಿಶ್ವವಿದ್ಯಾಲಯ. ಹಾಸನ ವಿಶ್ವವಿದ್ಯಾಲಯ ಬಂದದ್ದು 2023ರಲ್ಲಿ, ಹಾಗಾಗಿ ಹಳಬರು ಹಾಸನದಲ್ಲೇ ಕೇಳಿ ವಾಪಸ್ ಬರುವುದು ಬೇಡ. ಮೂಡಿಗೆರೆ ತೋಟಗಾರಿಕೆ ಕಾಲೇಜು, ಹಾಸನದ ಕಾರೇಕೆರೆ ಕೃಷಿ ಕಾಲೇಜು, ಪಶುವೈದ್ಯಕೀಯ ಕಾಲೇಜು ಒಂದೊಂದೂ ಬೇರೆ ಬೇರೆ ವಿಶ್ವವಿದ್ಯಾಲಯದ ಕೈಕೆಳಗೆ ಇವೆ. ಅರ್ಜಿ ಕೊಟ್ಟ ಮರುದಿನವೇ ಕೈಗೆ ಬರುವ ದಾಖಲೆ ಇದಲ್ಲ. ಕೇಳುವಾಗಲೇ ಮೂರ್ನಾಲ್ಕು ಪ್ರತಿ ಕೇಳಿ, ಒಂದನ್ನು ಲಕೋಟೆ ಒಡೆಯದೆ ಇಡಿ.

ಇಂಗ್ಲಿಷ್ ಪರೀಕ್ಷೆಯನ್ನು ಚೆವನಿಂಗ್ ಕೇಳುವುದಿಲ್ಲ, ವಿಶ್ವವಿದ್ಯಾಲಯ ಕೇಳುತ್ತದೆ. ಕೆಲವರು 12ನೇ ತರಗತಿಯ ಇಂಗ್ಲಿಷ್ ಅಂಕವನ್ನೇ ಒಪ್ಪುತ್ತಾರೆ. ಆದರೆ ಎಲ್ಲ ಬೋರ್ಡಿನದ್ದನ್ನೂ ಒಪ್ಪುವುದಿಲ್ಲ. ಕರ್ನಾಟಕ ಪಿ.ಯು. ಬೋರ್ಡಿನ ಅಂಕ ನಡೆಯುತ್ತಾ ಅಂತ ಒಂದು ಈಮೇಲ್ ಹಾಕಿ ಕೇಳಿ. ನಡೆದರೆ ಐಇಎಲ್‌ಟಿಎಸ್ ಅನ್ನೋ ಇಂಗ್ಲಿಷ್ ಪರೀಕ್ಷೆಯ ಫೀಸು ಉಳಿಯಿತು, ಅದೇ 15 ಸಾವಿರ ದಾಟುತ್ತದೆ. ಬರೆಯಲೇಬೇಕಾದರೆ ಅಂಕದ ಅವಧಿ 2 ವರ್ಷ ಅನ್ನೋದು ನೆನಪಿರಲಿ.

ನಾಲ್ಕು ಪ್ರಬಂಧ

ಆಯ್ಕೆ ನಿಲ್ಲುವುದು ಇಲ್ಲೇ. ನಾಯಕತ್ವ, ಜನರ ಜೊತೆಗಿನ ಸಂಪರ್ಕ, ಬ್ರಿಟನ್ನಿನಲ್ಲಿ ಏನು ಓದುತ್ತೀರಿ ಮತ್ತು ಯಾಕೆ, ಮುಂದಿನ ವೃತ್ತಿ ಯೋಜನೆ, ಹೀಗೆ ನಾಲ್ಕು. ಒಂದೊಂದಕ್ಕೂ ಕೆಲವೇ ನೂರು ಪದದ ಮಿತಿ. ಆ ವರ್ಷದ ಮಿತಿ ಅರ್ಜಿಯಲ್ಲೇ ಕಾಣುತ್ತದೆ.

ಬರೆಯಬೇಕಾದದ್ದು ಇಂಗ್ಲಿಷ್‌ನಲ್ಲಿ. ಆದರೂ ಮೊದಲ ಕರಡನ್ನು ಕನ್ನಡದಲ್ಲೇ ಬರೆದುಕೊಳ್ಳಿ ಅಂತ ನಾನು ಹೇಳುತ್ತೇನೆ. ಇಂಗ್ಲಿಷ್‌ನಲ್ಲಿ ನೇರವಾಗಿ ಕೂತರೆ ನಮಗೆ ಬರುವುದು ಜಾಹೀರಾತಿನ ಭಾಷೆ. ಒಂದು ಉದಾಹರಣೆ ನೋಡಿ. ಆಲೂರು ಕಡೆಯ ಒಬ್ಬ ಹುಡುಗಿ ನಾಯಕತ್ವದ ಪ್ರಶ್ನೆಗೆ ಹೀಗೆ ಬರೆದಿದ್ದಾಳೆ ಅಂದುಕೊಳ್ಳೋಣ:

"ಚಿಕ್ಕಂದಿನಿಂದಲೂ ನನ್ನಲ್ಲಿ ನಾಯಕತ್ವದ ಗುಣವಿದೆ. ಕಾಲೇಜಿನಲ್ಲಿ ಎನ್‌ಎಸ್‌ಎಸ್ ನಾಯಕಿಯಾಗಿದ್ದೆ. ನಮ್ಮ ತಾಲ್ಲೂಕಿನಲ್ಲಿ ಕಾಡಾನೆ ಹಾವಳಿ ದೊಡ್ಡ ಸಮಸ್ಯೆ. ಈ ಬಗ್ಗೆ ಅನೇಕ ಜಾಗೃತಿ ಕಾರ್ಯಕ್ರಮಗಳನ್ನು ಯಶಸ್ವಿಯಾಗಿ ನಡೆಸಿದ್ದೇನೆ."

ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಓದಿದ ಮೇಲೆ ತಲೆಯಲ್ಲಿ ಏನೂ ಉಳಿಯುವುದಿಲ್ಲ. ಅದೇ ಹುಡುಗಿಯನ್ನು ಎದುರು ಕೂರಿಸಿಕೊಂಡು ಏನಮ್ಮಾ ಮಾಡಿದ್ದು ಅಂತ ಕೇಳಿದರೆ ಹೀಗೆ ಹೇಳುತ್ತಾಳೆ:

"ಆನೆ ಎಲ್ಲಿದೆ ಅನ್ನೋ ಮೆಸೇಜು ತೋಟದ ಯಜಮಾನರ ಫೋನಿಗೆ ಬರ್ತಿತ್ತು. ಬೆಳಿಗ್ಗೆ ಕೂಲಿಯವರ ಲೈನ್ ಮನೆಯಿಂದ ನಡ್ಕೊಂಡು ಕೆಲ್ಸಕ್ಕೆ ಹೋಗೋ ಹೆಂಗಸರಿಗೆ ಗೊತ್ತಾಗ್ತಿರಲಿಲ್ಲ. ನಾನು ಮೂರು ತೋಟದ ಮೇಸ್ತ್ರಿಗಳನ್ನ ಸೇರಿಸಿ, ಮೆಸೇಜು ಬಂದ ತಕ್ಷಣ ಲೈನಿಗೆ ಫೋನ್ ಮಾಡಬೇಕು ಅಂದೆ. ಇಬ್ಬರು ಒಪ್ಪಿದ್ರು. ಒಬ್ಬರು ಒಪ್ಪಲಿಲ್ಲ, ತಡವಾಗಿ ಬಂದರೆ ಅರ್ಧ ದಿನದ ಕೂಲಿ ಹಿಡೀಬೇಕಾಗುತ್ತೆ ಅಂದ್ರು. ಆಮೇಲೆ ಆ ತೋಟದ ಲೆಕ್ಕ ಬರೆಯೋ ರೈಟರ್ ಹತ್ರ ಹೋಗಿ, ಆನೆ ಇದ್ದ ದಿನ ಒಂದು ಗಂಟೆ ತಡ ಬಂದರೂ ಪೂರ್ತಿ ಹಾಜರಿ ಹಾಕಿ ಅಂತ ಒಪ್ಪಿಸಿದೆ. ಹಾಜರಿ ಪುಸ್ತಕದಲ್ಲಿ ಅದಕ್ಕೇ ಒಂದು ಗುರುತು ಮಾಡಿದ್ವಿ."

ನಾಯಕತ್ವದ ಪ್ರಬಂಧ ಇದೇ. ಹಾಜರಿ ಪುಸ್ತಕದ ಆ ಗುರುತು ಇದೆಯಲ್ಲ, ಅದು ಹತ್ತು ಜಾಗೃತಿ ಕಾರ್ಯಕ್ರಮಕ್ಕಿಂತ ತೂಕದ್ದು. ತೊಂದರೆ ಯಾರಿಗೆ ಇತ್ತು ಅಂತ ಗೊತ್ತಾಯಿತು. ಒಪ್ಪದವರು ಇದ್ದರು, ಅವರ ಕಾರಣ ಏನು ಅಂತ ಅವಳು ಕೇಳಿಸಿಕೊಂಡಳು. ಅವಳ ಕೈಯಲ್ಲಿ ಅಧಿಕಾರ ಇರಲಿಲ್ಲ, ಆದರೂ ಬದಲಾವಣೆ ಆಯಿತು. ಚೆವನಿಂಗ್ ನಾಯಕತ್ವ ಅನ್ನುವುದು ಹುದ್ದೆಯನ್ನಲ್ಲ. ಅಧ್ಯಕ್ಷ, ಕಾರ್ಯದರ್ಶಿ ಅಂತ ಪಟ್ಟಿ ಮಾಡಿದರೆ ಪ್ರಯೋಜನ ಇಲ್ಲ. ಈ ಮಾತನ್ನೇ ಸರಳ ಇಂಗ್ಲಿಷ್‌ಗೆ ತಂದರೆ ಸಾಕು. ದೊಡ್ಡ ಪದ ಬೇಡ.

ಸಂಪರ್ಕದ ಪ್ರಬಂಧದಲ್ಲಿ ನನಗೆ ಸಾವಿರ ಜನ ಪರಿಚಯ ಅಂತ ಬರೆಯುವವರೇ ಜಾಸ್ತಿ. ಒಬ್ಬರೋ ಇಬ್ಬರೋ ಸಾಕು. ಆ ಸಂಬಂಧ ಹೇಗೆ ಬೆಳೆಯಿತು, ಅದರಿಂದ ಯಾವ ಕೆಲಸ ಆಯಿತು, ನೀವು ಅವರಿಗೆ ಏನು ಕೊಟ್ಟಿರಿ ಅಂತ ಬರೆಯಿರಿ. ಬಾಳೆಹೊನ್ನೂರಿನ ಕೇಂದ್ರ ಕಾಫಿ ಸಂಶೋಧನಾ ಸಂಸ್ಥೆಯಲ್ಲಿ ಒಂದು ತರಬೇತಿಗೆ ಹೋದಾಗ ಪರಿಚಯವಾದ ವಿಜ್ಞಾನಿಯನ್ನು ಆಮೇಲೆ ನಿಮ್ಮ ಊರಿನ ಸಣ್ಣ ಬೆಳೆಗಾರರ ಸಭೆಗೆ ಕರೆಸಿದ್ದೀರಾ? ಅದನ್ನೇ ಬರೆಯಿರಿ. ಬ್ರಿಟನ್ನಿನಲ್ಲಿ ಸಿಗುವವರ ಜೊತೆಗೂ ಹೀಗೇ ಇರುತ್ತೀರಿ ಅಂತ ಅದರಿಂದಲೇ ಗೊತ್ತಾಗುತ್ತದೆ.

ಓದಿನ ಪ್ರಬಂಧದಲ್ಲಿ ಮೂರೂ ಕೋರ್ಸ್‌ಗಳ ಒಂದೊಂದು ಪೇಪರಿನ ಹೆಸರು ಹೇಳಿ, ಅದು ನಿಮ್ಮ ಯಾವ ಕೊರತೆಯನ್ನು ತುಂಬುತ್ತದೆ ಅಂತ ಬರೆಯಿರಿ. ವಿಶ್ವವಿದ್ಯಾಲಯ ವಿಶ್ವಪ್ರಸಿದ್ಧ ಅನ್ನೋ ಸಾಲು ಅವರಿಗೆ ಗೊತ್ತಿರುವ ಸಂಗತಿ, ಪದ ದಂಡ.

ವೃತ್ತಿ ಯೋಜನೆಯಲ್ಲಿ ನಮ್ಮವರು ಎರಡು ತುದಿಗೆ ಹೋಗುತ್ತಾರೆ. ಒಂದೋ "ಗ್ರಾಮೀಣ ಭಾರತವನ್ನು ಬದಲಾಯಿಸುತ್ತೇನೆ", ಇಲ್ಲವೇ "ಒಳ್ಳೆಯ ಕೆಲಸ ಸಿಗುತ್ತದೆ". ವಾಪಸ್ ಬಂದ ಮೊದಲ ವರ್ಷ ಯಾವ ಕೆಲಸ, ಯಾವ ಥರದ ಸಂಸ್ಥೆಯಲ್ಲಿ, ಐದು ವರ್ಷಕ್ಕೆ ಎಲ್ಲಿರುತ್ತೀರಿ, ಹತ್ತು ವರ್ಷಕ್ಕೆ ಯಾವ ನಿರ್ಧಾರ ನಿಮ್ಮ ಕೈಯಲ್ಲಿರಬೇಕು ಅಂತ ಮೆಟ್ಟಿಲು ಹಾಕಿ. ಬ್ರಿಟನ್ನಿಗೂ ಭಾರತಕ್ಕೂ ಒಟ್ಟಿಗೆ ಆಸಕ್ತಿ ಇರುವ ವಿಷಯಕ್ಕೆ ಅದು ತಾಗಿದರೆ ಇನ್ನೂ ಒಳ್ಳೆಯದು: ಹವಾಮಾನ, ಆರೋಗ್ಯ, ವ್ಯಾಪಾರ ಇಂಥವು.

ಬೇರೆಯವರ ಗೆದ್ದ ಪ್ರಬಂಧಗಳು ನೆಟ್‌ನಲ್ಲಿ ಸಿಗುತ್ತವೆ. ಒಂದೆರಡು ಓದಿ, ಮುಚ್ಚಿಡಿ. ನಕಲು ಸಿಕ್ಕರೆ ಅರ್ಜಿಯೇ ಹೋಗುತ್ತದೆ. ಎಐಗೆ ಬರೆಸಿದರೂ ಅಷ್ಟೇ ಅಪಾಯ. ಅದು ಹಾಜರಿ ಪುಸ್ತಕದ ಗುರುತನ್ನು ಎಲ್ಲಿಂದ ತರುತ್ತದೆ, ಅಲ್ವಾ?

ಅರ್ಜಿ ಒತ್ತುವ ದಿನ

ಸಾಮಾನ್ಯವಾಗಿ ಆಗಸ್ಟ್ ಮೊದಲ ವಾರ ಅರ್ಜಿ ತೆರೆಯುತ್ತದೆ. ಮುಚ್ಚುವುದು ಅಕ್ಟೋಬರ್‌ನಲ್ಲಿ, ಕೆಲವು ವರ್ಷ ನವೆಂಬರ್‌ನಲ್ಲಿ. ದಿನಾಂಕವನ್ನು ಚೆವನಿಂಗ್ ಜಾಲತಾಣದಲ್ಲೇ ನೋಡಿ, ಫಾರ್ವರ್ಡ್ ಮೆಸೇಜ್ ನಂಬಬೇಡಿ. ಸಮಯ ಅವರದ್ದು. ಅಕ್ಟೋಬರ್ ಕೊನೆಯ ಭಾನುವಾರದವರೆಗೆ ಲಂಡನ್ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ, ಅದಾದ ಮೇಲೆ ಐದೂವರೆ ಗಂಟೆ. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಮಲೆನಾಡಿನಲ್ಲಿ ಕರೆಂಟು ಹೋದರೆ ಎರಡು ದಿನ ಬರುವುದಿಲ್ಲ, ಟವರೂ ಸತ್ತಿರುತ್ತದೆ. ಕೊನೆಯ ವಾರಕ್ಕೆ ಇಟ್ಟುಕೊಳ್ಳಬೇಡಿ. ಪ್ರಬಂಧಗಳನ್ನು ಬೇರೆ ಕಡೆ ಟೈಪ್ ಮಾಡಿ ಇಟ್ಟುಕೊಂಡು ಆಮೇಲೆ ಅರ್ಜಿಗೆ ಹಾಕಿ. ಕಳಿಸಿದ ಮೇಲೆ ತಿದ್ದಲು ಆಗುವುದಿಲ್ಲ.

ಶಿಫಾರಸು ಮಾಡುವವರು ಇಬ್ಬರು ಬೇಕು. ನಿಮ್ಮ ಕೆಲಸವನ್ನು ಹತ್ತಿರದಿಂದ ನೋಡಿದ ಮೇಲಧಿಕಾರಿ ಒಬ್ಬರು, ಪಾಠ ಮಾಡಿದವರು ಅಥವಾ ಜೊತೆಗೆ ಯೋಜನೆ ನಡೆಸಿದವರು ಇನ್ನೊಬ್ಬರು. ನೆಂಟರು ಬೇಡ. ಹಾಸನದಲ್ಲಿ ಯಾವ ಕೆಲಸಕ್ಕೂ ಎಂ.ಎಲ್.ಎ. ಲೆಟರ್‌ಹೆಡ್ ತರುವ ಅಭ್ಯಾಸ ಇದೆ. ನಿಮ್ಮನ್ನು ಒಂದು ಸಲ ಮದುವೆ ಮನೆಯಲ್ಲಿ ನೋಡಿದ ದೊಡ್ಡವರ ಪತ್ರಕ್ಕಿಂತ ಮೂರು ವರ್ಷ ಜೊತೆಗೆ ದುಡಿದ ಮುಖ್ಯೋಪಾಧ್ಯಾಯರ ಪತ್ರ ಎಷ್ಟೋ ಮೇಲು. ನೀವು ಪ್ರಬಂಧದಲ್ಲಿ ಏನು ಬರೆದಿದ್ದೀರಿ ಅಂತ ಅವರಿಗೆ ತಿಳಿಸಿ. ಇಂಗ್ಲಿಷ್‌ನಲ್ಲಿ ಬರೆಯಲು ಹಿಂಜರಿದರೆ ಅವರು ಕನ್ನಡದಲ್ಲಿ ಹೇಳಿದ್ದನ್ನು ಬೇರೆ ಯಾರಾದರೂ ಟೈಪ್ ಮಾಡಿ, ಅವರೇ ಓದಿ ಸಹಿ ಹಾಕಲಿ.

ಸಂದರ್ಶನ

ಪಟ್ಟಿಗೆ ಬಂದವರಿಗೆ ಸಂದರ್ಶನ. ಸಾಮಾನ್ಯವಾಗಿ ಫೆಬ್ರುವರಿಯಿಂದ ಏಪ್ರಿಲ್‌ವರೆಗೆ. ಬ್ರಿಟಿಷ್ ಹೈಕಮಿಷನ್ ಕಡೆಯವರು ನಡೆಸುತ್ತಾರೆ, ಆನ್‌ಲೈನ್‌ನಲ್ಲೂ ಇರಬಹುದು. ರೊಬಸ್ಟಾ ಕುಯ್ಲು, ಅದರ ಹಿಂದೆಯೇ ಹೂವಿನ ಮಳೆ ಕಾಯುವ ಕಾಲ. ತೋಟದ ಮನೆಯವರು ಆ ವಾರ ಬೇರೆಯವರಿಗೆ ಕೆಲಸ ಒಪ್ಪಿಸಿ. ಆನ್‌ಲೈನ್ ಆದರೆ ಹಾಸನಕ್ಕೋ ಚಿಕ್ಕಮಗಳೂರಿಗೋ ಹಿಂದಿನ ದಿನವೇ ಬಂದು, ನೆಟ್ ಮತ್ತು ಯುಪಿಎಸ್ ಇರುವ ಕೋಣೆ ನೋಡಿಕೊಳ್ಳಿ.

ಪ್ರಶ್ನೆಗಳು ನಿಮ್ಮ ಪ್ರಬಂಧದ ಮೇಲೆಯೇ ಬರುತ್ತವೆ. ಒಪ್ಪದ ಆ ಮೇಸ್ತ್ರಿ ಕೊನೆಗೂ ಒಪ್ಪಿದರಾ? ಈ ವಿಷಯಕ್ಕೆ ಡೆಹ್ರಾಡೂನ್‌ನ ವನ್ಯಜೀವಿ ಸಂಸ್ಥೆಯಲ್ಲೇ ಎಂ.ಎಸ್ಸಿ. ಇದೆಯಲ್ಲ, ಬ್ರಿಟನ್ ಯಾಕೆ? ಮೂರು ಕೋರ್ಸ್‌ನಲ್ಲಿ ಎರಡು ಸಿಗದಿದ್ದರೆ? ಉತ್ತರ ಬಾಯಿಪಾಠ ಬೇಡ, ಘಟನೆಗಳು ನೆನಪಿರಲಿ. ಇಂಗ್ಲಿಷ್ ತಡವರಿಸಿದರೆ ನಿಂತು, ಚಿಕ್ಕ ವಾಕ್ಯದಲ್ಲಿ ಹೇಳಿ. ಅಭ್ಯಾಸಕ್ಕೆ ನಿಮ್ಮ ಕೆಲಸದ ಬಗ್ಗೆ ಏನೂ ಗೊತ್ತಿಲ್ಲದ ಒಬ್ಬರನ್ನು ಕೂರಿಸಿ ಇಂಗ್ಲಿಷ್‌ನಲ್ಲಿ ಪ್ರಶ್ನೆ ಕೇಳಿಸಿ. ಗೆಳೆಯರಾದರೆ ಬರೀ ಹೊಗಳುತ್ತಾರೆ.

ಫಲಿತಾಂಶ ಬಂದ ಮೇಲೆ

ಜೂನ್ ಹೊತ್ತಿಗೆ ಫಲಿತಾಂಶ. ಆಯ್ಕೆಯಾದರೂ ಆಟ ಮುಗಿದಿಲ್ಲ. ಮೂರರಲ್ಲಿ ಒಂದು ಕೋರ್ಸ್‌ನಿಂದ ಯಾವ ಷರತ್ತೂ ಇಲ್ಲದ ಪ್ರವೇಶಪತ್ರ ಜುಲೈ ಗಡುವಿನೊಳಗೆ ಕೈಯಲ್ಲಿರಬೇಕು. ಐಇಎಲ್‌ಟಿಎಸ್ ಬಾಕಿ, ಟ್ರಾನ್ಸ್‌ಕ್ರಿಪ್ಟ್ ಬಾಕಿ ಅಂತ ಷರತ್ತು ಉಳಿದಿದ್ದರೆ ಸ್ಕಾಲರ್‌ಶಿಪ್ ಕೈತಪ್ಪುತ್ತದೆ. ಮಳೆಗಾಲಕ್ಕೆ ಮುಂಚೆ ಕಾಗದ ಮುಗಿಸಿ ಅಂದದ್ದು ಇದಕ್ಕೇ. ಸೀಟು ಉಳಿಸಿಕೊಳ್ಳಲು ವಿಶ್ವವಿದ್ಯಾಲಯ ಮುಂಗಡ ಕೇಳಿದರೆ, ಚೆವನಿಂಗ್ ಫಲಿತಾಂಶಕ್ಕೆ ಕಾಯುತ್ತಿದ್ದೇನೆ, ಗಡುವು ಮುಂದೂಡಿ ಅಂತ ಈಮೇಲ್ ಮಾಡಿ. ಕೇಳದೆ ಸಾಲ ಮಾಡಿ ಕಟ್ಟಬೇಡಿ.

ವೀಸಾಗೆ ಕ್ಷಯರೋಗದ ಪರೀಕ್ಷೆ ಬೇಕು, ಅದನ್ನು ಬ್ರಿಟನ್ ಒಪ್ಪಿದ ಕ್ಲಿನಿಕ್‌ನಲ್ಲೇ ಮಾಡಿಸಬೇಕು. ಬೆಂಗಳೂರಿಗೆ ಹೋಗಬೇಕಾಗುತ್ತದೆ. ಎಂಜಿನಿಯರಿಂಗ್, ವಿಜ್ಞಾನದ ಕೆಲವು ವಿಷಯಗಳಿಗೆ ಅಟಾಸ್ ಅನ್ನೋ ಅನುಮತಿಯೂ ಬೇಕು, ಅದಕ್ಕೆ ವಾರಗಳು ಹಿಡಿಯುತ್ತವೆ. ಬ್ಯಾಂಕ್ ಖಾತೆಯಲ್ಲಿ ಲಕ್ಷಗಟ್ಟಲೆ ತೋರಿಸುವ ಪಾಡಿಲ್ಲ, ಚೆವನಿಂಗ್‌ನ ಪತ್ರವೇ ಸಾಕು.

ಆಯ್ಕೆಯಾಗದಿದ್ದರೆ ಮರುವರ್ಷ ಮತ್ತೆ ಹಾಕಬಹುದು. ಹಳೆಯ ಪ್ರಬಂಧವನ್ನೇ ಅಂಟಿಸಬೇಡಿ, ಆ ವರ್ಷ ಮಾಡಿದ ಹೊಸ ಕೆಲಸ ಅದರಲ್ಲಿ ಕಾಣಬೇಕು.

ಇದೊಂದೇ ಅಲ್ಲ

ಇದಕ್ಕಾಗಿ ಮಾಡಿಕೊಂಡ ಕಾಗದಪತ್ರ ಬೇರೆ ಕಡೆಗೂ ಆಗುತ್ತದೆ. ಅಮೆರಿಕಕ್ಕೆ ಫುಲ್‌ಬ್ರೈಟ್-ನೆಹರು ಮಾಸ್ಟರ್ಸ್ ಇದೆ. ಅದಕ್ಕೆ ಸಂಬಂಧಪಟ್ಟ ಕ್ಷೇತ್ರದಲ್ಲಿ 3 ವರ್ಷದ ಸಂಬಳದ ಕೆಲಸ, 55% ಅಂಕ ಬೇಕು, ಆಯ್ದ ಕೆಲವು ವಿಷಯಗಳಿಗೆ ಮಾತ್ರ. 3 ವರ್ಷದ ಪದವಿಯವರಿಗೆ ಮೇಲೊಂದು ಸ್ನಾತಕೋತ್ತರ ಓದು ಆಗಿರಬೇಕು. ಜರ್ಮನಿಯ ಡಿಎಎಡಿ ಸಂಸ್ಥೆಗೆ ಅಭಿವೃದ್ಧಿ ವಿಷಯದ ಮಾಸ್ಟರ್ಸ್ ಯೋಜನೆ ಇದೆ. ಅಲ್ಲಿ 2 ವರ್ಷದ ಅನುಭವ ಬೇಕು, ಕೊನೆಯ ಪದವಿ ಮುಗಿದು 6 ವರ್ಷ ಮೀರಿರಬಾರದು. ಕೆಲಸದ ಅನುಭವವೇ ಇಲ್ಲದ ಹೊಸ ಪದವೀಧರರು ಯುರೋಪಿನ ಎರಾಸ್ಮಸ್ ಮುಂಡಸ್ ನೋಡಿ, ತಿಂಗಳಿಗೆ 1,400 ಯೂರೊ ಕೊಡುತ್ತಾರೆ.

ಪರಿಶಿಷ್ಟ ಜಾತಿ, ಅಲೆಮಾರಿ ಸಮುದಾಯ, ಭೂಮಿ ಇಲ್ಲದ ಕೃಷಿ ಕೂಲಿಕಾರರು, ಸಾಂಪ್ರದಾಯಿಕ ಕುಶಲಕರ್ಮಿಗಳ ಮನೆಯ ಮಕ್ಕಳಿಗೆ ಕೇಂದ್ರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ಇದೆ. ವರ್ಷಕ್ಕೆ 125 ಸ್ಥಾನ, ವಯಸ್ಸು 35ರ ಒಳಗೆ, ಅಂಕ 60%, ಕುಟುಂಬದ ಆದಾಯ 8 ಲಕ್ಷದ ಒಳಗೆ. ರಾಜ್ಯದ ಸಮಾಜ ಕಲ್ಯಾಣ ಇಲಾಖೆಯ ಪ್ರಬುದ್ಧ ಯೋಜನೆ ಪರಿಶಿಷ್ಟ ಜಾತಿ, ಪಂಗಡದವರಿಗೆ. ಇವೆರಡಕ್ಕೂ ಜಾತಿ ಮತ್ತು ಆದಾಯ ಪ್ರಮಾಣಪತ್ರ ಚಾಲ್ತಿಯಲ್ಲಿರಬೇಕು. ನಾಡಕಚೇರಿಯಲ್ಲಿ ಈಗಲೇ ಅರ್ಜಿ ಕೊಟ್ಟಿರಿ. ಅದರಲ್ಲೂ ಹೆಸರು ಪಾಸ್‌ಪೋರ್ಟ್‌ನಲ್ಲಿ ಇದ್ದ ಹಾಗೇ ಬರಲಿ.